ಪಾಯಸದ ಮದ್ದು, ಪೊಟ್ಟಣದ ಮದ್ದು

ಜುಲೈ ಕೊನೆಗೆ ಕೊಡಗಿನ ಸಂತೆಗಳಲ್ಲಿ ಮದ್ದು ಸೊಪ್ಪಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಹಳ್ಳಿಯವರಿಗೆ ಅದನ್ನು ಕೊಳ್ಳುವ ಗರಜಿಲ್ಲ. ಬೇಲಿ ಬದಿಯಲ್ಲೋ, ತೋಟದ ನೆರಳಿನಲ್ಲೋ, ತೋಡಿನ ದಂಡೆಯಲ್ಲೋ ಗಿಡ ಇದ್ದೇ ಇರುತ್ತದೆ. ಕೊಳ್ಳುವವರು ಪೇಟೆಯವರು, ಬೆಂಗಳೂರು ಮೈಸೂರುಗಳಲ್ಲಿ ನೆಲೆಸಿ ಊರಿನ ರುಚಿ ಬಿಡಲಾಗದವರು. ಆಗಸ್ಟ್ 3 ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕಕ್ಕಡ ಪದಿನೆಟ್ಟ್. ಅರೆಭಾಷೆಯವರಿಗೆ ಆಟಿ ಹದಿನೆಂಟು. ಅಂದು ಈ ಸೊಪ್ಪಿನ ರಸದಲ್ಲಿ ಪಾಯಸವೋ ಪುಟ್ಟೋ ಮಾಡಿ ಮನೆಮಂದಿಯೆಲ್ಲ ತಿನ್ನಬೇಕು. ಸೊಪ್ಪಿಗೆ ಆ ಹೊತ್ತಿಗೆ ಹದಿನೆಂಟು ಬಗೆಯ ಔಷಧ ಗುಣ ಸೇರಿಕೊಂಡಿರುತ್ತದೆ ಎಂಬುದು ನಂಬಿಕೆ.

ಈಚೆಗೆ ಕಟ್ಟಿನ ಜೊತೆಗೆ ಪೊಟ್ಟಣವೂ ಬಂದಿದೆ. ಒಣಗಿಸಿದ ಪುಡಿ, ಬಾಟಲಿಗೆ ತುಂಬಿದ ರಸ ವರ್ಷವಿಡೀ ಸಿಗುತ್ತವೆ. ಆಗಸ್ಟ್ ಹತ್ತಿರವಾದಂತೆ ವಾಟ್ಸಾಪಿನಲ್ಲಿ ಬರಹಗಳು ಹರಿದಾಡುತ್ತವೆ: ಮದ್ದು ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್ ತುಂಬಿದೆ, ಲಿವರ್ ಶುದ್ಧಿಯಾಗುತ್ತದೆ, ಇದು ವಿಜ್ಞಾನಿಗಳೇ ಸಾಬೀತುಪಡಿಸಿದ್ದು. ವರ್ಷಕ್ಕೊಂದು ದಿನ ಏಕೆ, ದಿನಾ ಒಂದು ಚಮಚ ತೆಗೆದುಕೊಳ್ಳಿ ಎಂಬ ಸಲಹೆಯೂ ಜೊತೆಗಿರುತ್ತದೆ.

ಈ ಮಾತು ಪೂರ್ತಿ ಸುಳ್ಳಲ್ಲ. ತೊಡಕು ಇರುವುದೇ ಅಲ್ಲಿ. ಪ್ರಯೋಗಾಲಯದ ಕೊಳವೆಯಲ್ಲಿ ಕಂಡದ್ದು ಒಂದು, ಇಲಿಯ ಲಿವರಿನಲ್ಲಿ ಕಂಡದ್ದು ಇನ್ನೊಂದು, ಅಜ್ಜಿ ಮಾಡುವ ಪಾಯಸ ಬೇರೆ, ದಿನಾ ನುಂಗುವ ಪುಡಿ ಬೇರೆ. ನಾಲ್ಕನ್ನೂ ಒಂದೇ ಗೋಣಿಗೆ ತುಂಬಿ 'ಸಾಬೀತಾಗಿದೆ' ಎಂದು ಚೀಟಿ ಅಂಟಿಸುವುದಕ್ಕೆ ನನ್ನ ತಕರಾರಿದೆ. ಪಾಯಸದ ಬಗ್ಗೆ ತಕರಾರಿಲ್ಲ.

ಗಿಡದ ಸಸ್ಯಶಾಸ್ತ್ರೀಯ ಹೆಸರು ಜಸ್ಟೀಶಿಯಾ ವೈನಾಡೆನ್ಸಿಸ್. ಪಶ್ಚಿಮ ಘಟ್ಟಗಳಿಗೇ ಸೀಮಿತವಾದ, ತೇವದ ನೆರಳಿನಲ್ಲಿ ಬೆಳೆಯುವ ಸಣ್ಣ ಪೊದೆ. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯೂ ಇದೇ ಜಸ್ಟೀಶಿಯಾ ಕುಲದ್ದು. ಆಡುಸೋಗೆಯಲ್ಲಿರುವ ವ್ಯಾಸಿಸೀನ್ ಎಂಬ ವಸ್ತುವಿನ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಮಾತ್ರೆ ತಯಾರಾಯಿತು, ಇವತ್ತು ಅದು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ನಾಟಿ ಮದ್ದಿನಲ್ಲಿ ಏನೂ ಇಲ್ಲ ಎನ್ನುವವರು ಈ ಒಂದು ಉದಾಹರಣೆಯನ್ನು ಮರೆಯಬಾರದು.

ಮದ್ದು ಸೊಪ್ಪನ್ನು ಸಿದ್ಧ ಮಾಡುವ ಕ್ರಮ ಸರಳ. ಎಲೆ, ಎಳೆ ದಂಟು ಎರಡನ್ನೂ ತೊಳೆದು ಕತ್ತರಿಸಿ ದೊಡ್ಡ ಪಾತ್ರೆಯ ನೀರಿನಲ್ಲಿ ಕುದಿಯಲು ಇಡುತ್ತಾರೆ. ಹಸಿರು ಸೊಪ್ಪಿನಿಂದ ನೀರು ಮೆಲ್ಲನೆ ಕೆಂಪಗಾಗಿ, ಆಮೇಲೆ ನೇರಳೆಗೆ ತಿರುಗಿ, ಕೊನೆಗೆ ಕಪ್ಪು ಎನ್ನುವಷ್ಟು ಗಾಢವಾಗುತ್ತದೆ. ಮನೆಯೆಲ್ಲ ಅದರದೇ ಘಮ. ಸೋಸಿದ ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿದರೆ ಪಾಯಸ. ಅಕ್ಕಿತರಿ ಹಾಕಿ ಗಟ್ಟಿ ಮಾಡಿದರೆ ಪುಟ್ಟು. ಮೇಲೆ ತುಪ್ಪ, ಜೇನು. ಒಲೆಯ ಪಕ್ಕ ನಿಂತ ಹೊಸ ಸೊಸೆಗೆ ಸಿಗುವ ಎಚ್ಚರಿಕೆ ಒಂದೇ: "ಬಿಳಿ ಬಟ್ಟೆಯಲ್ಲಿ ಸೋಸಬೇಡ ಮೋಳೆ, ಕಲೆ ಹೋಗೋದಿಲ್ಲ."

ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನಲ್ಲಿ ಇದು ಯಾರನ್ನೂ ಹೆದರಿಸುವುದಿಲ್ಲ, ಮದ್ದು ಮೈಗೆ ಹಿಡಿಯಿತು ಎಂದು ಸಮಾಧಾನಪಡುತ್ತಾರೆ. ಬಣ್ಣದ ವಸ್ತು ಕರುಳಿನಿಂದ ರಕ್ತಕ್ಕೆ ಹೋಗಿ, ಮೂತ್ರಪಿಂಡದಲ್ಲಿ ಸೋಸಿ ಹೊರಬಂತು ಎಂಬಷ್ಟನ್ನು ಈ ಬಣ್ಣ ನಿಜವಾಗಿಯೂ ಹೇಳುತ್ತದೆ. ಬೀಟ್‌ರೂಟ್ ತಿಂದ ಕೆಲವರಲ್ಲೂ ಹೀಗೇ ಆಗುತ್ತದೆ. ಒಳಗೆ ಹೋದ ವಸ್ತು ಲಿವರಿಗೆ ಏನು ಮಾಡಿತು ಎಂಬುದಕ್ಕೆ ಮಾತ್ರ ಆ ಬಣ್ಣ ಸಾಕ್ಷಿಯಲ್ಲ.

ಇನ್ನು ಆಂಟಿಆಕ್ಸಿಡೆಂಟ್ ವಿಚಾರ. ಮದ್ದು ಸೊಪ್ಪಿನ ಸಾರದಲ್ಲಿ ಫೀನಾಲ್, ಫ್ಲೇವನಾಯ್ಡ್ ವರ್ಗದ ವಸ್ತುಗಳಿವೆ, ಅದು ಫ್ರೀ ರಾಡಿಕಲ್‌ಗಳನ್ನು, ಅಂದರೆ ಜೀವಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಕಣಗಳನ್ನು, ತಣಿಸುತ್ತದೆ ಎಂಬ ಪ್ರಯೋಗಾಲಯ ವರದಿಗಳು ಪ್ರಕಟವಾಗಿವೆ. ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಿಪಿಪಿಎಚ್ ಎಂಬ ರಾಸಾಯನಿಕದ್ದು. ಇದರ ದ್ರಾವಣ ಕಡು ನೇರಳೆ. ಗಿಡದ ಸಾರವನ್ನು ಬೆರೆಸಿದಾಗ ಅದರಲ್ಲಿರುವ ವಸ್ತುಗಳು ಡಿಪಿಪಿಎಚ್‌ಗೆ ಎಲೆಕ್ಟ್ರಾನ್ ಕೊಟ್ಟರೆ ನೇರಳೆ ಅಳಿದು ಹಳದಿಯಾಗುತ್ತದೆ. 517 ನ್ಯಾನೋಮೀಟರ್ ತರಂಗದ ಬೆಳಕು ಹಾಯಿಸಿ, ಬಣ್ಣ ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ, ಎಂಎಸ್ಸಿ ವಿದ್ಯಾರ್ಥಿ ಮಾಡಬಲ್ಲ ಪರೀಕ್ಷೆ. ಸಾರಕ್ಕೇ ನೇರಳೆ ಬಣ್ಣವಿದ್ದರೆ ಅದರ ಪಾಲನ್ನು ಲೆಕ್ಕದಿಂದ ಕಳೆಯಬೇಕು, ಇಲ್ಲವಾದರೆ ಅಂಕಿಯೇ ತಪ್ಪುತ್ತದೆ. ಮದ್ದು ಸೊಪ್ಪಿನಂಥ ಬಣ್ಣದ ಗಿಡದ ವರದಿ ಓದುವಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ.

ಈ ಪರೀಕ್ಷೆಯಲ್ಲಿ ಪಾಸಾಗದ ಹಸಿರು ಎಲೆ ಸಿಗುವುದೇ ಅಪರೂಪ. ಕೊತ್ತಂಬರಿ ಪಾಸು, ಚಹಾ ಪಾಸು, ಕಾಫಿ ಪಾಸು, ಹುಣಸೆ ಬೀಜದ ಸಿಪ್ಪೆಯೂ ಪಾಸು. ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಪ್ರತಿ ಗಿಡವೂ ಇಂಥ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಕೊಳವೆಯಲ್ಲಿ ಬಣ್ಣ ಅಳಿಸಿದ ವಸ್ತು ಹೊಟ್ಟೆಯೊಳಗೆ ಜೀರ್ಣವಾಗಿ, ಲಿವರಿನಲ್ಲೇ ರೂಪ ಬದಲಿಸಿ, ರಕ್ತಕ್ಕೆ ಸೇರುವ ಹೊತ್ತಿಗೆ ಬೇರೆಯೇ ಆಗಿರುತ್ತದೆ, ಪ್ರಮಾಣವೂ ತೀರಾ ಕಡಿಮೆಯಾಗಿರುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟಿತ್ತು. 2012ರಲ್ಲಿ ಅದನ್ನು ತೆಗೆದುಹಾಕಿತು. ಆ ಅಂಕಗಳಿಗೂ ಮೈಯಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ಕಾಣದಿರುವಾಗ ಕಂಪನಿಗಳು ಅವನ್ನು ಜಾಹೀರಾತಿಗೆ ಬಳಸುತ್ತಿವೆ ಎಂಬುದು ಅದು ಕೊಟ್ಟ ಕಾರಣ.

ಆಂಟಿಆಕ್ಸಿಡೆಂಟ್ ಮಾತ್ರೆ ಹೆಚ್ಚು ತಿಂದರೆ ಒಳ್ಳೆಯದೇ ಆಗಬೇಕಲ್ಲ ಎಂಬ ತರ್ಕಕ್ಕೆ 1994ರಲ್ಲೇ ಪೆಟ್ಟು ಬಿದ್ದಿತ್ತು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗದಲ್ಲಿ, ಬೀಟಾ ಕ್ಯಾರೊಟೀನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಹೆಚ್ಚಾಯಿತು. ಲಿವರಿನ ವಿಷಯದಲ್ಲಿ ಚಿತ್ರ ಇಷ್ಟು ಕೆಟ್ಟದಾಗಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಕೊಬ್ಬು ತುಂಬಿ ಉರಿಯೂತವಾದ ಲಿವರಿರುವ, ಸಕ್ಕರೆ ಕಾಯಿಲೆಯಿಲ್ಲದ ರೋಗಿಗಳಿಗೆ ವಿಟಮಿನ್ ಇ ಕೊಟ್ಟಾಗ ಶೇ. 43 ಮಂದಿಯಲ್ಲಿ ಸುಧಾರಣೆ ಕಂಡಿತು, ಹುಸಿಗುಳಿಗೆ, ಅಂದರೆ ಮದ್ದಿಲ್ಲದ ಮಾತ್ರೆ, ತಿಂದವರಲ್ಲಿ ಶೇ. 19. ಅಂದರೆ ಒಂದು ನಿರ್ದಿಷ್ಟ ವಸ್ತು, ನಿರ್ದಿಷ್ಟ ಪ್ರಮಾಣ, ನಿರ್ದಿಷ್ಟ ರೋಗ ಎಂದಾಗ ಉತ್ತರ ಸಿಗುತ್ತದೆ. 'ಆಂಟಿಆಕ್ಸಿಡೆಂಟ್ ಒಳ್ಳೆಯದೇ?' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

'ಲಿವರ್ ರಕ್ಷಕ' ಎಂಬ ಬಿರುದು ಗಿಡಗಳಿಗೆ ಸಿಗುವುದು ಸಾಮಾನ್ಯವಾಗಿ ಇಲಿಯ ಪ್ರಯೋಗದಿಂದ. ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಇಲಿಗಳನ್ನು ಗುಂಪು ಮಾಡಿ, ಕೆಲವಕ್ಕೆ ಒಂದೆರಡು ವಾರ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಎಲ್ಲಕ್ಕೂ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಡುತ್ತಾರೆ. ಈ ವಿಷ ತಾನಾಗಿ ಅಷ್ಟು ಕೆಡುಕು ಮಾಡದು. ಲಿವರಿನ ಕಿಣ್ವವೊಂದು ಅದನ್ನು ಒಡೆದಾಗ ಹುಟ್ಟುವ ಫ್ರೀ ರಾಡಿಕಲ್ ಜೀವಕೋಶದ ಕೊಬ್ಬಿನ ಪೊರೆಯನ್ನು ಸುಡುತ್ತದೆ. ಪೊರೆ ಹರಿದಾಗ ಒಳಗಿದ್ದ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ನಮ್ಮ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಬರುವುದು ಇವೇ. ಸಾರ ಕುಡಿದ ಇಲಿಗಳಲ್ಲಿ ಇವು ಕಡಿಮೆ ಏರಿದ್ದರೆ ಗಿಡ ಲಿವರನ್ನು ಕಾಪಾಡಿತು ಎಂದು ಬರೆಯುತ್ತಾರೆ.

ಬರೆದದ್ದು ಸುಳ್ಳಲ್ಲ, ಆದರೆ ಒಳಗೆ ಎರಡು ಗಂಟುಗಳಿವೆ. ವಿಷಕ್ಕಿಂತ ಮೊದಲೇ ಔಷಧ ಕೊಟ್ಟಿರುತ್ತಾರೆ. ಆಸ್ಪತ್ರೆಗೆ ಬರುವ ಮನುಷ್ಯ ಲಿವರ್ ಕೆಟ್ಟ ಮೇಲೆ ಬರುತ್ತಾನೆ. ಇನ್ನೊಂದು ಗಂಟು ಇನ್ನೂ ಬಿಗಿ: ಗಿಡದ ಸಾರ ಆ ವಿಷವನ್ನು ಒಡೆಯುವ ಕಿಣ್ವವನ್ನೇ ತಡೆದರೂ ಫಲಿತಾಂಶ ಇದೇ ಬರುತ್ತದೆ. ವಿಷ ಒಡೆಯಲೇ ಇಲ್ಲ, ಹಾಗಾಗಿ ಹಾನಿಯೂ ಆಗಲಿಲ್ಲ. ಇದು ಲಿವರಿಗೆ ಬಲ ಬಂದದ್ದಲ್ಲ. ಆ ಕಿಣ್ವದ ಬಳಗದವೇ ನಾವು ತಿನ್ನುವ ಎಷ್ಟೋ ಮಾತ್ರೆಗಳನ್ನೂ ಒಡೆಯುವುದರಿಂದ, ಅವನ್ನು ತಡೆಯುವ ಸಾರವನ್ನು ಬಿಪಿ ಮಾತ್ರೆಯೋ ರಕ್ತ ತೆಳುವಾಗಿಸುವ ಮಾತ್ರೆಯೋ ತಿನ್ನುವವರು ದಿನಾ ಕುಡಿದರೆ ಮಾತ್ರೆಯ ಪ್ರಮಾಣವೇ ಏರುಪೇರಾಗಬಹುದು. ಕೊಡಗಿನ ಯಾವ ತೋಟದಲ್ಲೂ ಯಾರ ಲಿವರೂ ಕಾರ್ಬನ್ ಟೆಟ್ರಾಕ್ಲೋರೈಡಿನಿಂದ ಕೆಡುವುದಿಲ್ಲ. ಕೆಡುವುದು ಮದ್ಯದಿಂದ, ಹೆಪಟೈಟಿಸ್ ವೈರಸ್ಸಿನಿಂದ, ಹೊಟ್ಟೆಯ ಬೊಜ್ಜಿನಿಂದ, ಸಕ್ಕರೆ ಕಾಯಿಲೆಯಿಂದ.

ಪ್ರಮಾಣದ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ನಾವೇ ಹಾಕೋಣ. ಇಂಥ ಪ್ರಯೋಗಗಳಲ್ಲಿ ಇಲಿಯ ತೂಕದ ಕಿಲೋಗೆ 400 ಮಿಲಿಗ್ರಾಂ ಸಾರ ಕೊಡುವುದು ಸಾಮಾನ್ಯ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು ಔಷಧ ಶಾಸ್ತ್ರದವರು ಸುಮಾರು 6.2ರಿಂದ ಭಾಗಿಸುತ್ತಾರೆ. ಕಿಲೋಗೆ ಸುಮಾರು 65 ಮಿಲಿಗ್ರಾಂ ಆಯಿತು. 60 ಕಿಲೋ ತೂಗುವವರಿಗೆ ದಿನಕ್ಕೆ ಹತ್ತಿರ ಹತ್ತಿರ 4 ಗ್ರಾಂ ಸಾರ. ಹತ್ತು ಗ್ರಾಂ ಒಣಸೊಪ್ಪಿನಿಂದ ಒಂದು ಗ್ರಾಂ ಸಾರ ಸಿಗುತ್ತದೆ ಎಂದು ಹಿಡಿದರೆ 40 ಗ್ರಾಂ ಒಣಸೊಪ್ಪು ಬೇಕು, ಹಸಿ ಸೊಪ್ಪಿನಲ್ಲಿ ಐದನೇ ನಾಲ್ಕು ಪಾಲು ನೀರು ಎಂದರೆ 200 ಗ್ರಾಂ ಹಸಿಸೊಪ್ಪು. ಪ್ರತಿದಿನ. ಅರ್ಧ ಗ್ರಾಂ ಪುಡಿ ತುಂಬಿದ ಕ್ಯಾಪ್ಸೂಲಿನಲ್ಲಿ ಇದನ್ನು ಮುಟ್ಟಲು ದಿನಕ್ಕೆ 80 ಕ್ಯಾಪ್ಸೂಲ್ ನುಂಗಬೇಕು. ಒಂದು ಕ್ಯಾಪ್ಸೂಲ್ ತಿನ್ನುವವರಿಗೆ ಇಲಿಗೆ ಆದ ಲಾಭ ಆಗುವುದಿಲ್ಲ. 80 ತಿಂದರೆ ಏನಾದೀತು ಎಂಬುದನ್ನು ಅಜ್ಜಿಯ ಅನುಭವವೂ ಹೇಳದು, ಏಕೆಂದರೆ ಅಜ್ಜಿ ಹಾಗೆ ತಿಂದವಳಲ್ಲ.

ಪ್ರಯೋಗಾಲಯದವರು ಸಾರ ತೆಗೆಯುವುದೂ ಬಹಳ ಸಲ ಮೆಥನಾಲ್ ಎಂಬ ರಾಸಾಯನಿಕ ದ್ರವದಲ್ಲಿ. ಅಡುಗೆಮನೆಯಲ್ಲಿ ನೀರು. ಮೆಥನಾಲಿನಲ್ಲಿ ಇಳಿಯುವುದೆಲ್ಲ ನೀರಿನಲ್ಲಿ ಇಳಿಯುವುದಿಲ್ಲ.

ಹಾಗಾದರೆ ಮನುಷ್ಯರ ಮೇಲೆ ಪರೀಕ್ಷೆಯಾದ ನಾಟಿ ಲಿವರ್ ಮದ್ದು ಯಾವುದೂ ಇಲ್ಲವೇ? ಇದೆ, ನೆಲನೆಲ್ಲಿ. ಕೊಡಗು, ದಕ್ಷಿಣ ಕನ್ನಡ, ಮಲೆನಾಡು ಎಲ್ಲೆಡೆ ಕಾಮಾಲೆಗೆ ಹಾಲಿನಲ್ಲೋ ಮಜ್ಜಿಗೆಯಲ್ಲೋ ಅರೆದು ಕೊಡುವ ಗಿಡ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ನೆಲನೆಲ್ಲಿ ಪುಡಿಯನ್ನು 30 ದಿನ ಕೊಟ್ಟು ನೋಡಿದರು. ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಗಿತ್ತು. ಹುಸಿಗುಳಿಗೆ ತಿಂದ 23ರಲ್ಲಿ ಒಬ್ಬರಲ್ಲಿ ಮಾತ್ರ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತಿನ ಕಣ್ಣು ಈ ಪುಟ್ಟ ಗಿಡದ ಮೇಲೆ ಬಿತ್ತು. ಆಮೇಲೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಅದೇ ಫಲ ಸಿಗಲಿಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆ, ಹುಸಿಗುಳಿಗೆಗಿಂತ ಇದು ಮೇಲು ಎನ್ನಲು ನಂಬುವಂಥ ಆಧಾರ ಸಿಗಲಿಲ್ಲ ಎಂದಿತು.

ಆದರೂ ಊರಿನಲ್ಲಿ ನೆಲನೆಲ್ಲಿಯಿಂದ ಕಾಮಾಲೆ ವಾಸಿಯಾದವರು ಮನೆಗೊಬ್ಬರಂತೆ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕ ಎಲ್ಲರಲ್ಲೂ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮದ್ದು ಕೊಟ್ಟರೂ ವಾಸಿ, ಬಿಟ್ಟರೂ ವಾಸಿ, ಹೆಸರು ಮದ್ದಿಗೆ. ವಾಸಿಯಾಗದೆ ಹೋದವರ ಕಥೆ ಹೇಳಲು ಯಾರೂ ಬರುವುದಿಲ್ಲ.

ಕೊಡಗಿನ ಮಳೆಗಾಲದಲ್ಲಿ ಇದು ಬರೀ ಪಂಡಿತರ ವಾದವಲ್ಲ. ಕಕ್ಕಡ ಎಂದರೆ ನಾಟಿಯ ಕಾಲ. ಕೆಸರು ಗದ್ದೆಯಲ್ಲಿ ದಿನವಿಡೀ ಕಾಲಿಟ್ಟವರಿಗೆ ಇಲಿಜ್ವರ ತಗಲಬಹುದು. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಗಾಯದಿಂದ ಒಳಹೋಗುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಗಣ್ಣು, ಜೋರಾದರೆ ಕಾಮಾಲೆ ಮತ್ತು ಮೂತ್ರಪಿಂಡದ ಸೋಲು. ಬೇಗ ಆಂಟಿಬಯೋಟಿಕ್ ಕೊಟ್ಟರೆ ಉಳಿಯುತ್ತಾರೆ, ತಡವಾದರೆ ಪ್ರಾಣಕ್ಕೇ ಕುತ್ತು. ಇವರ ಕಣ್ಣೂ ಹಳದಿ, ಹೆಪಟೈಟಿಸ್ ಎ ಬಂದವರ ಕಣ್ಣೂ ಹಳದಿ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರ ಕಣ್ಣೂ ಹಳದಿ. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಒಂದು ದಿನವೂ ಕಾಯುವಂತಿಲ್ಲ. ಹಳದಿ ಕಂಡ ಕೂಡಲೇ ಪಥ್ಯ ಹಿಡಿಸಿ, ಕೈಗೆ ಬರೆ ಹಾಕಿ, ಮೂರು ಬೆಳಿಗ್ಗೆ ಮದ್ದು ಕುಡಿಸಿ ನೋಡೋಣ ಎನ್ನುವುದರಲ್ಲಿ ಹೋಗುವುದು ಆ ಮೂರು ದಿನ.

ಮದ್ದು ಸೊಪ್ಪಿನ ಪುಡಿಯನ್ನು ದಿನಾ ತಿನ್ನುವುದರಲ್ಲಿ ನನಗೆ ಕಾಣುವ ನೇರ ಅಪಾಯವೂ ಇಲ್ಲೇ ಇದೆ. ಕಣ್ಣು ಹಳದಿಯಾಗುವ ಮೊದಲೇ ಮೂತ್ರದ ಬಣ್ಣ ಗಾಢವಾಗುವುದು ಲಿವರ್ ಕೊಡುವ ಮೊದಲ ಸೂಚನೆ. ಮೂತ್ರ ದಿನಾ ಕೆಂಪಗೇ ಹೋಗುತ್ತಿದ್ದರೆ ಆ ಸೂಚನೆ ಯಾರಿಗೆ ಕಾಣುತ್ತದೆ? ಮೂತ್ರದಲ್ಲಿ ರಕ್ತ ಹೋದರೂ ಮದ್ದಿನ ಬಣ್ಣ ಎಂದು ಸುಮ್ಮನಿರುತ್ತಾರೆ. ವರ್ಷಕ್ಕೊಂದು ದಿನ ತಿನ್ನುವವರಿಗೆ ಈ ತೊಂದರೆಯಿಲ್ಲ.

ಗಿಡದ ವಸ್ತು, ಆದ್ದರಿಂದ ಹಾನಿಯಿಲ್ಲ ಎಂಬ ಮಾತನ್ನು ಕೊಡಗಿನವರು ಆಡಬಾರದು. ಇದೇ ಕಕ್ಕಡದಲ್ಲಿ ತಿನ್ನುವ ಬೈಂಬಳೆಯನ್ನು, ಅಂದರೆ ಕಣಿಲೆಯನ್ನು, ಯಾರೂ ತಂದ ದಿನವೇ ಒಗ್ಗರಣೆಗೆ ಹಾಕುವುದಿಲ್ಲ. ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕುತ್ತಾರೆ. ಎಳೆ ಬಿದಿರಿನಲ್ಲಿರುವ ಟ್ಯಾಕ್ಸಿಫಿಲಿನ್ ಒಡೆದು ಸಯನೈಡ್ ಹೊರಬಿಡುತ್ತದೆ. ರಸಾಯನಶಾಸ್ತ್ರ ಅದಕ್ಕೊಂದು ಹೆಸರು ಕೊಡುವುದಕ್ಕೆ ಎಷ್ಟೋ ಮೊದಲೇ ನಮ್ಮ ಹೆಂಗಸರು ಅದನ್ನು ನೀರಿನಲ್ಲಿ ಕಳೆಯುವುದನ್ನು ಕಲಿತಿದ್ದರು. ಯಾವುದನ್ನು ಹೇಗೆ, ಎಷ್ಟು, ಯಾವಾಗ ತಿನ್ನಬೇಕು ಎಂಬುದೂ ಆ ತಿಳಿವಳಿಕೆಯ ಭಾಗ. ಪೊಟ್ಟಣ ಮಾಡುವವರು ಗಿಡವನ್ನಷ್ಟೇ ಎತ್ತಿಕೊಂಡು ಈ ಕಟ್ಟುಪಾಡನ್ನು ಸಂತೆಯಲ್ಲೇ ಬಿಟ್ಟುಬರುತ್ತಾರೆ.

ತಿನಿಸು ಸಾರವಾದಾಗ ಏನಾಗಬಹುದು ಎಂಬುದಕ್ಕೆ ನಮ್ಮ ಅಡುಗೆಮನೆಯ ಇನ್ನೊಂದು ವಸ್ತುವೇ ಸಾಕ್ಷಿ: ಕಾಚಂಪುಳಿ. ಪಂದಿಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಕೊಡುವ ದಪ್ಪ ರಸ. ಇದರ ಹಣ್ಣು ಗಾರ್ಸಿನಿಯಾ ಗುಮ್ಮಿಗುಟ್ಟ. ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹಳೆಯ ಹೆಸರಿನಲ್ಲಿ ಜಗತ್ತಿನಾದ್ಯಂತ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುತ್ತದೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈಯಲ್ಲಿ ಕೊಬ್ಬು ತಯಾರಾಗುವ ಒಂದು ಹಂತವನ್ನು ತಡೆಯುತ್ತದೆ ಎಂಬುದು ಕೊಳವೆಯಲ್ಲಿ ಖಚಿತವಾಗಿತ್ತು. 1998ರಲ್ಲಿ 135 ಮಂದಿಯ ಮೇಲೆ 12 ವಾರ ಪ್ರಯೋಗ ಮಾಡಿದಾಗ ಹುಸಿಗುಳಿಗೆ ತಿಂದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ವ್ಯಾಪಾರ ನಿಲ್ಲಲಿಲ್ಲ. ಅಮೆರಿಕದಲ್ಲಿ ಔಷಧಗಳಿಂದಾಗುವ ಲಿವರ್ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವು 2004ರಿಂದ 2018ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿ, 22 ಮಂದಿಯ ಲಿವರ್ ಹಾನಿಗೆ ಈ ಗಾರ್ಸಿನಿಯಾ ಇರುವ ಉತ್ಪನ್ನಗಳು ಕಾರಣ ಎಂದು ಗುರುತಿಸಿತು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಗ್ರೀನ್ ಟೀ ಸಾರವೂ ಬೆರೆತಿತ್ತು. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಒಂದು ಬಗೆಯ ಎಚ್‌ಎಲ್‌ಎ ವಂಶವಾಹಿ ಇರುವವರಲ್ಲಿ ಇದು ಹೆಚ್ಚು ಕಂಡಿತು. ಅಂದರೆ ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ ಎಂಬುದರಿಂದ ನಿಮಗೂ ಆಗದು ಎನ್ನಲಾಗದು.

ಪಂದಿಕರಿ ತಿನ್ನುವವರು ಇದನ್ನು ಓದಿ ಹೆದರಬೇಕಿಲ್ಲ. ಮಾಂಸಕ್ಕೆ ಹಾಕುವ ಒಂದೆರಡು ಚಮಚ ಬೇರೆ, ದಿನಕ್ಕೆ ಮೂರು ಸಲ ನುಂಗುವ ಗಟ್ಟಿಸಿದ ಸಾರ ಬೇರೆ. ಗ್ರೀನ್ ಟೀ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದೇ ಗೆರೆ ಎಳೆಯಿತು. ಕುದಿಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ, ಆದರೆ ಮಾತ್ರೆಯ ರೂಪದಲ್ಲಿ ಅದರ ಮುಖ್ಯ ಆಂಟಿಆಕ್ಸಿಡೆಂಟನ್ನು ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೆ ಲಿವರಿನ ಕಿಣ್ವಗಳು ರಕ್ತದಲ್ಲಿ ಏರುತ್ತವೆ. ಕೊಳವೆಯಲ್ಲಿ ಫ್ರೀ ರಾಡಿಕಲ್ ತಣಿಸುವ ಅದೇ ವಸ್ತು, ಪ್ರಮಾಣ ಮೀರಿದಾಗ ಲಿವರನ್ನೇ ನೋಯಿಸುತ್ತದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲೂ ಕುದಿಸಿದರು. 2021ರಲ್ಲಿ ಮುಂಬೈಯ ವೈದ್ಯರು ಆರು ಮಂದಿಯ ಲಿವರ್ ಹಾನಿಯನ್ನು ವರದಿ ಮಾಡಿದರು, ಮುಂದಿನ ವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಬಳ್ಳಿಯನ್ನು ತಿಂದಿರಬಹುದು ಎಂಬುದು ಅದರ ವಾದ. ಆ ವಾದ ಸರಿಯಿದ್ದರೂ ಪೊಟ್ಟಣ ಕೊಳ್ಳುವವರಿಗೆ ಸಮಾಧಾನವೇನೂ ಸಿಗದು. ಬೇಲಿಯ ಗಿಡವನ್ನು ಗುರುತು ಹಿಡಿದು ಕೊಯ್ಯುವ ಅತ್ತೆಗೆ ತಪ್ಪಾಗದು, ಪುಡಿಯಾದ ಮೇಲೆ ಯಾರಿಗೆ ಗುರುತು ಸಿಕ್ಕೀತು? ಪೊಟ್ಟಣದ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಆಹಾರ ಮಾರಲು ಸಿಕ್ಕ ಪರವಾನಗಿ. ರೋಗಕ್ಕೆ ಆಗುತ್ತದೆ ಎಂಬುದಕ್ಕೆ ಅದು ಮುದ್ರೆಯಲ್ಲ.

ಇಂಗ್ಲಿಷ್ ಮದ್ದೇನು ಸಾಧುವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಔಷಧಗಳಿಂದ ಲಿವರ್ ಹಾನಿಯಾದ 1,288 ಭಾರತೀಯ ರೋಗಿಗಳ ದಾಖಲೆಯಲ್ಲಿ ಮೊದಲ ಸ್ಥಾನ ಕ್ಷಯದ ಮಾತ್ರೆಗಳದು, ಶೇ. 46. ನಾಟಿ ಮತ್ತು ಇತರ ಪದ್ಧತಿಗಳ ಔಷಧಗಳ ಪಾಲು ಶೇ. 14ರ ಹತ್ತಿರ. ವ್ಯತ್ಯಾಸವೆಂದರೆ ಕ್ಷಯದ ಮಾತ್ರೆ ಜೀವ ಉಳಿಸುತ್ತದೆ ಎಂಬುದಕ್ಕೆ ಪುರಾವೆಯಿದೆ, ಅದನ್ನು ಕೊಡುವಾಗ ಲಿವರಿನ ಮೇಲೆ ಕಣ್ಣಿಡಬೇಕು ಎಂಬುದು ವೈದ್ಯರಿಗೆ ಗೊತ್ತಿದೆ. ಪುಡಿ ತಿನ್ನುವವರು ಡಾಕ್ಟರಿಗೆ ಹೇಳುವುದೇ ಇಲ್ಲ. ಏನೇನು ಔಷಧ ತಿನ್ನುತ್ತೀರಿ ಎಂದು ಕೇಳಿದರೆ ಬಿಪಿ ಮಾತ್ರೆ ಎನ್ನುತ್ತಾರೆ. ಸೊಪ್ಪಿನ ಪುಡಿ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ.

ವಿಚಿತ್ರವೆಂದರೆ, ಲಿವರಿನ ವಿಷಯದಲ್ಲಿ ಲಕ್ಷಗಟ್ಟಲೆ ಮನುಷ್ಯರಿಂದಲೇ ಸಿಕ್ಕ ಅಂಕಿಅಂಶವಿರುವ ಬೆಳೆಯೊಂದು ಕೊಡಗಿನಲ್ಲಿದೆ. ಅದನ್ನು ಯಾರೂ ಮದ್ದೆಂದು ಮಾರುತ್ತಿಲ್ಲ. ಬ್ರಿಟನ್ನಿನ 4,94,585 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆ ಶೇ. 21ರಷ್ಟು, ಅದರಿಂದಾಗುವ ಸಾವು ಶೇ. 49ರಷ್ಟು ಕಡಿಮೆ ಕಂಡಿತ್ತು. ಇದೂ ಗಮನಿಸಿ ಬರೆದದ್ದೇ ಹೊರತು ಪ್ರಯೋಗವಲ್ಲ. ಕಾಫಿ ಕುಡಿಯುವವರ ಜೀವನಕ್ರಮವೇ ಬೇರೆಯಿದ್ದಿರಬಹುದು. ಆದರೂ ಇಲಿಗಿಂತ ಇದು ಎಷ್ಟೋ ಮುಂದಿನ ಮೆಟ್ಟಿಲು. ಬೆಳಗಿನ ಬೆಲ್ಲದ ಕಾಫಿಗೆ ಇಲ್ಲದ ಬಿರುದು ಪುಡಿಗೆ ಸಿಕ್ಕಿರುವುದಕ್ಕೆ ಕಾರಣ ವಿಜ್ಞಾನವಲ್ಲ, ಪುಡಿ ಅಪರೂಪದ್ದು, ಕಾಫಿ ದಿನದ್ದು. ಸಂಜೆಯ ಪೆಗ್ಗು ಬಿಡದೆ ಬೆಳಿಗ್ಗೆ ಎರಡೂ ಕುಡಿಯುವವರಿಗೆ ಎರಡರಿಂದಲೂ ಪ್ರಯೋಜನ ಕಡಿಮೆ ಎಂದು ಬೇರೆ ಹೇಳಬೇಕಿಲ್ಲ.

ಮದ್ದು ಸೊಪ್ಪಿನ ಬಗ್ಗೆ ಉತ್ತರ ಹುಡುಕುವುದು ಕಷ್ಟವೂ ಅಲ್ಲ. ಕೊಡಗಿನಲ್ಲಿ ಒಂದೇ ದಿನ, ಒಂದೇ ಸೊಪ್ಪನ್ನು, ಸಾವಿರಾರು ಜನ ತಾವಾಗಿಯೇ ತಿನ್ನುತ್ತಾರೆ. ಸಂಶೋಧಕರು ಇಂಥ ಅವಕಾಶಕ್ಕಾಗಿ ಕಾಯುತ್ತಿರುತ್ತಾರೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ, ಗಿಡದ ಗುರುತು ಹಿಡಿಯಲು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಒಪ್ಪಿದ ಇನ್ನೂರು ಮಂದಿಯ ರಕ್ತವನ್ನು ಆಗಸ್ಟ್ 2ರ ಬೆಳಿಗ್ಗೆ, ಮತ್ತೆ 5ರ ಬೆಳಿಗ್ಗೆ ತೆಗೆದು ಎಎಲ್‌ಟಿ, ಎಎಸ್‌ಟಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿದರೆ, ಪಾಯಸದಿಂದ ತಕ್ಷಣಕ್ಕೆ ಏರುಪೇರಾಗುತ್ತದೆಯೇ ಎಂಬುದಾದರೂ ಗೊತ್ತಾಗುತ್ತದೆ. ಸೊಪ್ಪಿನ ತಿಳಿವಳಿಕೆ ಯಾರದೆಂಬುದನ್ನು ಅದಕ್ಕೂ ಮೊದಲು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿಡುವುದು ಜಾಣತನ. ಕೇರಳದ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಗಿಡದಿಂದ 'ಜೀವನಿ' ಎಂಬ ಔಷಧ ತಯಾರಾದಾಗ, ಪರವಾನಗಿಯ ಹಣದಲ್ಲಿ ಅರ್ಧ ಪಾಲು ಅವರಿಗೆ ಸಂದಿತ್ತು.

ಪುಡಿಯ ಪರೀಕ್ಷೆ ಇನ್ನಷ್ಟು ದೊಡ್ಡದು. ಲಿವರಿನಲ್ಲಿ ಕೊಬ್ಬಿರುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದಕ್ಕೆ ಪುಡಿ, ಇನ್ನೊಂದಕ್ಕೆ ಹುಸಿಪುಡಿ, ಕನಿಷ್ಠ ಆರು ತಿಂಗಳು, ಕೊನೆಗೆ ಲಿವರಿನ ಸ್ಕ್ಯಾನ್. ಹುಸಿಪುಡಿ ತಯಾರಿಸುವವರಿಗೆ ಮಾತ್ರ ಸ್ವಲ್ಪ ತಲೆನೋವಿದೆ. ಅದರಲ್ಲೂ ಮೂತ್ರ ಕೆಂಪಾಗಿಸುವಂಥದ್ದೇನನ್ನಾದರೂ ಸೇರಿಸಬೇಕು, ಇಲ್ಲವಾದರೆ ಯಾರು ಯಾವ ಗುಂಪಿನವರು ಎಂಬುದು ಮರುದಿನ ಬೆಳಿಗ್ಗೆಯೇ ಕೊಡಗಿನವರಿಗೆಲ್ಲ ಗೊತ್ತಾಗಿಬಿಡುತ್ತದೆ.